ಕರಡಿ ಪಾಲಿನ ಎಣ್ಣೆ

ಕಲ್ಗುಂಡಿ, ಅರಸೀಕೆರೆ ತಾಲ್ಲೂಕು
೨೬ ಫೆಬ್ರವರಿ ೨೦೨೫, ಬುಧವಾರ

ಮಗಳು ಮೇಘಶ್ರೀಗೆ,

ಇವತ್ತು ಶಿವರಾತ್ರಿ. ನೀರು ಬಿಟ್ಟು ಬಾಯಿಗೆ ಏನೂ ಹಾಕಿಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿದೆ, ಅಂಗಳಕ್ಕೆ ಸಗಣಿ ನೀರು ಹಾಕಿದೆ, ಎಮ್ಮೆ ಕರೆದು ಹಾಲು ಡೈರಿಗೆ ಹಾಕಿ ಬಂದೆ. ಮಿಂದು ವಿಭೂತಿ ಇಟ್ಟುಕೊಂಡು ಪೂಜೆಗೆ ಕೂತೆ. ಮನಸ್ಸು ಎಲ್ಲಿಗೂ ಹೋಗಲಿಲ್ಲ. ಮೊದಲೆಲ್ಲ ಪೂಜೆಗೆ ಕೂತರೆ ಮನಸ್ಸು ಡೈರಿಗೆ, ತೋಟಕ್ಕೆ, ನಿನ್ನ ಮನೆಗೆ ಓಡುತ್ತಿತ್ತು, ಎಳೆದು ತರಬೇಕಾಗಿತ್ತು. ಈಗ ಇಟ್ಟ ಕಡೆ ಇರುತ್ತೆ, ಒರಳುಕಲ್ಲಿನ ಹಾಗೆ. ಇದನ್ನು ಭಕ್ತಿ ಅನ್ನಬೇಕೋ ಬೇರೆ ಏನನ್ನಬೇಕೋ ಗೊತ್ತಿಲ್ಲ.

ನಿನ್ನ ಕಾಗದ ಬಂತು, ಕಥೆಯ ಹಾಳೆಗಳೂ ಬಂದವು. ಕಾಗದ ಓದಿದೆ. ಹಾಳೆ ಓದಲಿಲ್ಲ. ನಿಮ್ಮಪ್ಪ ಇಡುತ್ತಿದ್ದ ಜಾಗದಲ್ಲೇ, ರೇಡಿಯೋ ಪಕ್ಕ ಇಟ್ಟಿದ್ದೇನೆ. ಫೋನು ಯಾಕೆ ಆಫ್ ಮಾಡಿದ್ದೀಯ ಎಂದು ಬೈದಿದ್ದೀಯ. ಫೋನು ಹಿಡಿದರೆ ಎಲ್ಲರೂ ಹೇಗಿದ್ದೀಯ ಎಂದು ಕೇಳುತ್ತಾರೆ, ಕೇಳಿ ಸುಮ್ಮನೆ ಕಾಯುತ್ತಾರೆ. ಕಾಗದದಲ್ಲಾದರೆ ಕೇಳಿದ್ದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತೆ. ನೀನು ಕಾಗದವನ್ನೇ ಬರೆ.

ನಿಮ್ಮಪ್ಪ ಹೋದ ಮೇಲೆ ಇದು ಮೊದಲ ಶಿವರಾತ್ರಿ. ಊರವರೆಲ್ಲ ಸಂಜೆಗೆ ಗುಡ್ಡದ ಬಸವಣ್ಣನ ಗುಡಿಗೆ ಹತ್ತುತ್ತಾರೆ. ನಾನು ಕಾರ್ತಿಕದಿಂದ ಈಚೆಗೆ ಗುಡ್ಡ ಹತ್ತಿಲ್ಲ. ನನ್ನನ್ನು ಯಾರೂ ಕರೆಯುವುದಿಲ್ಲ, ಕರೆಯಬಾರದು ಎಂದು ಅವರವರಲ್ಲೇ ಮಾತಾಡಿಕೊಂಡಿದ್ದಾರೆ ಅಂತ ಕಾಣುತ್ತೆ.

ಕರಡಿ ಹಿಡಿಯುತ್ತೇವೆ ಎಂದು ಅರಣ್ಯ ಇಲಾಖೆಯವರು ಗುಡ್ಡದ ಬುಡದಲ್ಲಿ ಬೋನು ಇಟ್ಟಿದ್ದರು. ಒಳಗೆ ಬಾಳೆಹಣ್ಣು, ಬೆಲ್ಲ. ಕರಡಿ ಬರಲಿಲ್ಲ. ಪೂಜಾರಿ ರಾಮಣ್ಣನ ನಾಯಿ ಬಿತ್ತು. ಬಿಡಿಸಿದರೆ ಮಾರನೆಯ ದಿನ ಮತ್ತೆ ಅದೇ ಬಿತ್ತು. ಪಕ್ಕದ ಮನೆ ಸಾವಿತ್ರಮ್ಮ ಎಲ್ಲರೆದುರಿಗೆ, "ಪೂಜಾರಪ್ಪ, ನಿನ್ ನಾಯಿಗೆ ಮನೆ ಸಿಕ್ತು, ಇಲಾಖೆಯೋರಿಗೆ ಬಾಡ್ಗೆ ಕಟ್ಟು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತೆ. ಆಮೇಲೆ ಬೋನನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋದರು.

ಯುಗಾದಿಗೆ ಸಿರಿಯನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೀಯ. ಬೇಡ. ಮಗುವಿಗೆ ಬೇಡ ಅಂದೆನೆಂದು ಬೇಜಾರು ಮಾಡಿಕೊಳ್ಳಬೇಡ. ಮೊಮ್ಮಗಳು ಅಲ್ಲೇ ಇರಲಿ. ಎಮ್ಮೆತುಪ್ಪ ಕಳಿಸುತ್ತೇನೆ.

ನಿನ್ನ ಅವ್ವ,
ವಿಶಾಲಮ್ಮ


ಹಳೇಬೀಡು
೧೦ ಮಾರ್ಚ್ ೨೦೨೫

ಅವ್ವ,

ತುಪ್ಪ ಬಂತು. ಹಾಳೆ ಓದಿಲ್ಲ ಎಂದು ನೀನು ಬರೆದದ್ದೇ ಒಳ್ಳೆಯದಾಯಿತು. ಓದಿದೆ ಎಂದು ಸುಳ್ಳು ಹೇಳಿದ್ದರೆ ಏನು ಮಾಡುವುದೆಂದು ಹೆದರಿಕೊಂಡಿದ್ದೆ.

ಓದದಿದ್ದರೂ ಅದು ಯಾವ ಪುಸ್ತಕ ಎಂದು ನಿನಗೆ ಗೊತ್ತು. ಮೊದಲು ಬರೆದ ಎರಡರ ಹಾಗೆಯೇ ಇದೂ ಆಗತಾನೇ ಓದಲು ಕಲಿತ ಮಕ್ಕಳಿಗೆ. ಆಮೆಯ ಕಥೆ ಆಯಿತು, ಚಿಪ್ಪುಹಂದಿಯ ಕಥೆ ಆಯಿತು, ಇದು ಕರಡಿಯದು. ಗಿರಿಜೆ, ಬೋರ ಎಂಬ ಎರಡು ಮಕ್ಕಳು ಗುಡ್ಡದಲ್ಲಿ ಗುರುತು ಹಿಡಿದು ಹೋಗುತ್ತವೆ. ಮೊದಲು ಬಗೆದ ಹುತ್ತ ಸಿಗುತ್ತೆ, ಆಮೇಲೆ ಮರದ ಮೇಲೆ ಉಗುರಿನ ಗೆರೆ. ಒಂದೊಂದು ಪಾಠ ಬರೆದಾಗಲೂ ಅಪ್ಪನಿಗೆ ಕಳಿಸುತ್ತಿದ್ದೆ. ಅಪ್ಪ ಫೋನಿನಲ್ಲಿ ಸಿರಿಗೆ ಅದನ್ನು ಓದಿಸುವರು. ಸಿರಿ ಇಲ್ಲಿ ಒಂದು ಸಾಲು, ಅಪ್ಪ ಅಲ್ಲಿ ಒಂದು ಸಾಲು. ಮಧ್ಯೆ ನನ್ನನ್ನು ಕರೆದು, "ಲೇ ಮೇಘಾ, ಕರಡಿ ಹಂಗೆ ಕದ್ದು ಕದ್ದು ನಡೆಯಾಕಿಲ್ಲ ಕಣಮ್ಮ. ಗೌಡರ ಮನೆ ಮದುವೆಗೆ ಬಂದೋರಂಗೆ ಸದ್ದು ಮಾಡ್ಕಂಡೇ ಬತ್ತದೆ, ಬರಿ" ಎಂದು ತಿದ್ದುವರು. ಅದನ್ನು ಹಾಗೆಯೇ ಬರೆದಿದ್ದೇನೆ.

ಮೂರನೆಯ ಪಾಠ ಹೀಗೆ ಮುಗಿಯುತ್ತೆ: "ಗುಡ್ಡದ ಮೇಲೆ ಗುಡಿ. ಗುಡಿಯಲ್ಲಿ ದೀಪ. ದೀಪದ ಎಣ್ಣೆ ಯಾರೋ ಕುಡಿದಿದ್ದಾರೆ. ಯಾರು?"

ಅವ್ವ, ಸಿರಿ ಅಲ್ಲಿಗೇ ನಿಲ್ಲಿಸಿದ್ದಾಳೆ. ಈ ಪುಸ್ತಕ ಅಲ್ಲ, ಓದುವುದನ್ನೇ ನಿಲ್ಲಿಸಿದ್ದಾಳೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಗೋಡೆ ಮೇಲಿನ ಜಾಹೀರಾತು, ಏನು ಕಂಡರೂ ಕೂಗಿ ಓದುತ್ತಿದ್ದವಳು ಈಗ ಶಾಲೆಯಲ್ಲೂ ಬಾಯಿ ತೆರೆಯುವುದಿಲ್ಲ. ಅವಳ ಟೀಚರ್ ಹೇಮಾಶ್ರೀ, "ಅಕ್ಷರ ಮರೆತಿಲ್ಲ ರೀ, ಕಣ್ಣು ಸಾಲಿನ ಮೇಲೆ ಓಡುತ್ತೆ. ಆದ್ರೆ ದನಿ ಬರಲ್ಲ" ಅಂದರು. ತಾತನನ್ನು ಕರಡಿ ಹೊಡೆಯಿತು ಎಂದು ಅವಳಿಗೆ ಗೊತ್ತು. ಶಾಲೆಯಲ್ಲೇ ಯಾರೋ ಹೇಳಿದ್ದಾರೆ. ಒಂದು ದಿನ ಊಟಕ್ಕೆ ಕೂತಾಗ, "ಅಮ್ಮ, ಪುಸ್ತಕದಲ್ಲೂ ಕರಡಿ ಹೊಡೆಯುತ್ತಾ?" ಎಂದು ಕೇಳಿದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಕರಡಿ ಎಣ್ಣೆ ಕುಡಿದು ಸುಮ್ಮನೆ ಹೋಯಿತು ಎಂದು ಬರೆದರೆ ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತೆ. ಆದದ್ದನ್ನು ಬರೆದರೆ ಆರು ವರ್ಷದ ಮಗುವಿನ ಕೈಗೆ ಕೊಡುವ ಪುಸ್ತಕ ಆಗುವುದಿಲ್ಲ. ಮೈಸೂರಿನ ಪ್ರಕಾಶಕರು ದೀಪಾವಳಿ ಕಳೆಯುವವರೆಗೆ ಕಾಯುತ್ತಾರಂತೆ. ಕೊನೆಯ ಪಾಠ ಬರೆಯಲೋ, ಪುಸ್ತಕವನ್ನೇ ಬಿಡಲೋ, ನೀನು ಹೇಳು. ನೀನು ಬೇಡ ಅಂದರೆ ಬಿಡುತ್ತೇನೆ. ನಿಜವಾಗಿ ಬಿಡುತ್ತೇನೆ.

ಸಿರಿಯನ್ನು ಯಾಕೆ ಬೇಡ ಅನ್ನುತ್ತೀಯೋ ಅದನ್ನೂ ಹೇಳು. ಅವಳನ್ನು ಬಿಟ್ಟು ನಾನೊಬ್ಬಳೇ ಬರುವುದಿಲ್ಲ.

ಮೇಘ


ಕಲ್ಗುಂಡಿ
೭ ಏಪ್ರಿಲ್ ೨೦೨೫, ಸೋಮವಾರ

ಮೇಘಾ,

ಸೋಮವಾರದ ಒಪ್ಪೊತ್ತು. ರಾಗಿ ಬೀಸಿಸಿ ತಂದೆ. ತೋಟಕ್ಕೆ ನೀರು ಬಿಟ್ಟೆ. ಅಟ್ಟದ ಮೇಲಿನ ಕಾಯಿಗೆ ಇಲಿ ಬಿದ್ದಿತ್ತು, ಏಣಿ ಹಾಕಿಕೊಂಡು ಹತ್ತಿ ನೋಡಿದೆ. ಕೊಬ್ಬರಿಗೆಂದು ಹೋದ ಕಾರ್ತಿಕದಲ್ಲಿ ನಿಮ್ಮಪ್ಪ ಏರಿಸಿದ ಕಾಯಿ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಇನ್ನೂ ನೀರಿದೆ. ದೀಪಾವಳಿ ಹೊತ್ತಿಗೆ ಒಣಗಿ ಉಂಡೆ ಕಟ್ಟುತ್ತೆ.

ಯುಗಾದಿ ಮಾಡಲಿಲ್ಲ. ಸಾವಿತ್ರಮ್ಮನ ಮನೆಯವರು ಮಾಲೇಕಲ್ಲಿಗೆ ಹೋಗಿ ಬಂದರು, ಪ್ರಸಾದ ಕೊಟ್ಟರು. ನನ್ನನ್ನು ನೋಡಿ ಸಾವಿತ್ರಮ್ಮ, "ಒಂದ್ಸಲ ಅತ್ಬಿಡು ವಿಶಾಲಮ್ಮ, ಅತ್ರೆ ಅಗುರಾಗ್ತದೆ" ಅಂದಳು. ಅತ್ತರೆ ಹಗುರ ಆಗುತ್ತೆ ಎನ್ನುವುದು ಭಾರ ಇದ್ದವರಿಗೆ. ನನಗೆ ಭಾರವೂ ಗೊತ್ತಾಗುತ್ತಿಲ್ಲ ಎಂದೆ.

ಸಿರಿ ಯಾಕೆ ಬೇಡ ಎಂದು ಕೇಳಿದ್ದೀಯ. ಅವಳಿಗೆ ಓದುವುದಕ್ಕೆ ಬರುತ್ತೆ, ಅದಕ್ಕೆ.

ಗುಡಿಯ ಗೇಟಿನ ಮೇಲೆ ಏನು ಬರೆದಿದೆ ಎಂದು ನಿನಗೆ ಗೊತ್ತು, ನನಗೂ ಗೊತ್ತು. ಇಷ್ಟು ತಿಂಗಳಾದರೂ ಇಬ್ಬರೂ ಅದರ ಮಾತೆತ್ತಿಲ್ಲ. ಸಿರಿ ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಮಗು ಉಳಿದರೆ ಬಸವಣ್ಣನಿಗೆ ಏನಾದರೂ ಮಾಡಿಸುತ್ತೇವೆ ಎಂದು ನಾನೂ ನಿಮ್ಮಪ್ಪನೂ ಹರಸಿಕೊಂಡೆವು. ಉಳಿಯಿತು. ಗುಡಿಗೆ ಬಾಗಿಲಿಲ್ಲ, ಪ್ರಾಣಿಗಳು ನುಗ್ಗುತ್ತವೆ, ಕಬ್ಬಿಣದ ಗೇಟು ಮಾಡಿಸಿ ಎಂದು ಊರವರು ಹೇಳಿದರು. ಅರಸೀಕೆರೆಯ ಮೋಹನ್‌ಕುಮಾರನ ಅಂಗಡಿಯಲ್ಲಿ ಮಾಡಿಸಿದೆವು. ನೀಲಿ ಬಣ್ಣ. ಮೇಲೆ ಬಿಳಿ ಅಕ್ಷರದಲ್ಲಿ, "ಚಿ. ಸಿರಿಯ ಹೆಸರಿನಲ್ಲಿ ವಿಶಾಲಮ್ಮ ಮರುಳಪ್ಪನವರ ಸೇವೆ." ಅವನು ಅದಕ್ಕೆ ಸ್ಪ್ರಿಂಗ್ ಹಾಕಿ, "ಬಿಟ್ರೆ ತಾನಾಗೇ ಮುಚ್ಕಂತದೆ, ಕೊಂಡಿ ಬಿದ್ರೆ ಒಳಗಿಂದ ತಳ್ಳಿದ್ರೂ ಬರಾಕಿಲ್ಲ" ಎಂದು ಹೆಮ್ಮೆಯಿಂದ ತೋರಿಸಿದ.

ಅದಕ್ಕಿಂತ ಮುಂಚೆ ನಮ್ಮ ಕಡೆಯ ಪದ್ಧತಿ ಬೇರೆ ಇತ್ತು. ಕಾರ್ತಿಕದ ಸೋಮವಾರ ದೀಪಕ್ಕೆ ಬೇಕಾದ್ದಕ್ಕಿಂತ ಎಣ್ಣೆ ಜಾಸ್ತಿ ಹೊಯ್ಯುವುದು. ಬತ್ತಿಗೊಂದು ಪಾಲು, ಕರಡಿಗೊಂದು ಪಾಲು. ಜನ ಕತ್ತಲಿಗೆ ಮೊದಲು ಇಳಿಯುವುದು, ಕರಡಿ ಆಮೇಲೆ ಬಂದು ಕುಡಿದು ಹೋಗುವುದು. ಅದರ ಹೊತ್ತಿಗೆ ನಾವಿಲ್ಲ, ನಮ್ಮ ಹೊತ್ತಿಗೆ ಅದಿಲ್ಲ. ಗೇಟು ಬಂದ ಮೇಲೂ ನಿಮ್ಮಪ್ಪ ಬಿಡಲಿಲ್ಲ. ಕರಡಿ ಪಾಲನ್ನು ಹೊರಗೆ ಬಂಡೆಯ ಗುಳಿಯಲ್ಲಿ ಹೊಯ್ದು ಬರುವರು. ಬೇರೆಯವರು ಬಿಟ್ಟರು.

ಹೋದ ಕಾರ್ತಿಕದಲ್ಲಿ ಯಾರೋ ಗೇಟು ಮುಚ್ಚಿಕೊಳ್ಳದಿರಲಿ ಎಂದು ಕಲ್ಲು ಒತ್ತುಕೊಟ್ಟು, ಹಾಗೆಯೇ ಬಿಟ್ಟು ಇಳಿದಿದ್ದಾರೆ. ಕಾಯಿ ಹೋಳು, ಎಣ್ಣೆ ಎಲ್ಲ ಒಳಗೇ. ಕರಡಿ ಒಳಗೆ ಹೋಗಿದೆ. ಕಲ್ಲು ಸರಿದಿದೆ. ಮೋಹನ್‌ಕುಮಾರ ಹೇಳಿದ ಹಾಗೆ ಅದು ತಾನಾಗೇ ಮುಚ್ಚಿಕೊಂಡಿದೆ.

ಸಿರಿ ಬಂದರೆ ಗುಡ್ಡಕ್ಕೆ ಕರೆದುಕೊಂಡು ಹೋಗು ಅನ್ನುತ್ತಾಳೆ. ಗೇಟಿನ ಮೇಲೆ ಅವಳ ಹೆಸರು ಇದೆ. ಓದುತ್ತಾಳೆ. ಇಷ್ಟೇ.

ಪುಸ್ತಕದ ವಿಷಯ ನನ್ನನ್ನು ಕೇಳಬೇಡ.

ಅವ್ವ


ಹಳೇಬೀಡು
೧೫ ಜೂನ್ ೨೦೨೫

ಅತ್ತೆಯವರಿಗೆ ಶರತ್ಚಂದ್ರನ ನಮಸ್ಕಾರಗಳು.

ನಾನು ಕಾಗದ ಬರೆದು ಅಭ್ಯಾಸ ಇಲ್ಲದವನು, ತಪ್ಪಿದ್ದರೆ ಕ್ಷಮಿಸಿ. ಏಪ್ರಿಲ್‌ನ ನಿಮ್ಮ ಕಾಗದ ಓದಿದ ಮೇಲೆ ಮೇಘ ಉತ್ತರ ಬರೆಯಲು ಕೂರುತ್ತಾಳೆ, ಎದ್ದು ಹೋಗುತ್ತಾಳೆ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಶಾಲೆ ಶುರುವಾಯಿತು. ಸಿರಿ ಎರಡನೇ ಕ್ಲಾಸು.

ದೇವಸ್ಥಾನದ ಎದುರಿನ ನಮ್ಮ ಅಂಗಡಿ ಸುಮಾರಾಗಿ ನಡೆಯುತ್ತಿದೆ. ಕಲ್ಲಿನ ಆನೆ, ಆಮೆ ಹೋಗುತ್ತವೆ. ಸಿರಿ ಸಂಜೆ ಬಂದು ನನ್ನ ಪಕ್ಕ ಕೂರುತ್ತಾಳೆ. ಮೊದಲು ಪ್ರವಾಸಿಗಳಿಗೆ ಅಂಗಡಿಯ ಬೋರ್ಡು ಓದಿ ಹೇಳಿ ಚಾಕೊಲೇಟು ಗಿಟ್ಟಿಸುತ್ತಿದ್ದಳು. ಈಗ ಇಲ್ಲ.

ಮೊನ್ನೆ ಭಾನುವಾರ ದೇವಸ್ಥಾನದ ಗೋಡೆ ನೋಡೋಣ ಬಾ ಎಂದು ಕರೆದುಕೊಂಡು ಹೋದೆ. ಸಾಲು ಸಾಲಾಗಿ ಆನೆ, ಸಿಂಹ, ಕುದುರೆ, ಹಂಸ. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಏನೇ ಹುಡುಕ್ತಿದೀಯ ಅಂದೆ. "ಕರಡಿ ಯಾಕಿಲ್ಲ?" ಅಂದಳು. ನಾನೂ ಹುಡುಕಿದೆ, ನಮಗೆ ಸಿಗಲಿಲ್ಲ. ಶಿಲ್ಪಿಗೆ ಕರಡಿ ಅಂದ್ರೆ ಭಯ ಇತ್ತೇನೋ ಅಂದೆ. "ಸಿಂಹಕ್ಕೆ ಭಯ ಇಲ್ವಾ ಅವನಿಗೆ?" ಅಂದಳು.

ಮನೆಗೆ ಬಂದ ಮೇಲೆ, "ಅಪ್ಪ, ಅಜ್ಜಿಗೆ ಕಾಗದ ಬರಿ, ನಾನು ಹೇಳ್ತೀನಿ" ಅಂದಳು. ನೀನೇ ಬರಿ ಎಂದರೆ ಪೆನ್ಸಿಲ್ಲು ಮುಟ್ಟಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಕೆಳಗೆ ಬರೆದಿದ್ದೇನೆ.

ಅಜ್ಜಿ. ಕರಡಿಗೆ ಕಣ್ಣು ಸರಿಯಾಗಿ ಕಾಣುತ್ತಾ. ಕರಡಿ ಗೆದ್ದಲು ಹೇಗೆ ತಿನ್ನುತ್ತೆ, ಬಾಯಿಗೆ ಕಚ್ಚಲ್ವಾ. ಕರಡಿ ಮರಿ ಎಲ್ಲಿರುತ್ತೆ. ತಾತನಿಗೆ ಗೊತ್ತಿತ್ತು ಆದರೆ ನಾನು ಕೇಳಿರಲಿಲ್ಲ. ಕರಡಿಗೆ ತಾತ ಯಾರು ಅಂತ ಗೊತ್ತಿತ್ತಾ. ಬೇಕು ಅಂತ ಹೊಡೀತಾ. ಎಮ್ಮೆ ಕರು ಹಾಕ್ತಾ.

ಇಷ್ಟು ಹೇಳಿ ಎದ್ದು ಹೋದಳು. ಅನುಕೂಲವಾದಾಗ ಉತ್ತರ ಬರೆಯಿರಿ.

ತಮ್ಮ ಅಳಿಯ,
ಶರತ್ಚಂದ್ರ


ಕಲ್ಗುಂಡಿ
೪ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ಮೇಘಾ,

ಅಳಿಯಂದಿರ ಕಾಗದಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಕಾಗದ ತಲೆದಿಂಬಿನ ಕೆಳಗೇ ಇತ್ತು. ಇವತ್ತು ಶ್ರಾವಣದ ಉಪವಾಸ, ಮಠದಿಂದ ಅಯ್ಯನವರು ಬಂದು ಭಿಕ್ಷೆ ತಗೊಂಡು ಹೋದರು. ಪಾತ್ರೆ ತಿಕ್ಕಿ, ಎಮ್ಮೆಗೆ ಹುಲ್ಲು ಹಾಕಿ ಬಂದು ಕೂತಿದ್ದೇನೆ. ಎಮ್ಮೆ ಹೆಣ್ಣುಗರು ಹಾಕಿದೆ. ಇದನ್ನು ಸಿರಿಗೆ ಮೊದಲು ಹೇಳು.

ಈ ಕಾಗದದ ಜೊತೆ ಬೇರೆ ಒಂದು ಹಾಳೆ ಇದೆ. ಅದು ಅವಳಿಗೆ. ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದಿದ್ದೇನೆ. ನೀನು ಓದಿ ಹೇಳಬೇಡ. ಅವಳ ಮುಂದೆ ಇಟ್ಟು ಅಡುಗೆಮನೆಗೆ ಹೋಗು. ಅದರಲ್ಲಿ ಬರೆದದ್ದು ಇದು:

"ಕರಡಿಗೆ ಕಣ್ಣು ಮಂದ. ಮೂಗು ಚುರುಕು. ಹುತ್ತ ಬಗೆಯುತ್ತೆ. ಮಣ್ಣನ್ನು ಉಫ್ ಎಂದು ಊದುತ್ತೆ. ಗೆದ್ದಲನ್ನು ಸೊರ್ ಎಂದು ಎಳೆಯುತ್ತೆ. ನೀನು ಪಾಯಸ ಎಳೆಯುವ ಹಾಗೆ. ಗೆದ್ದಲು ಕಚ್ಚುವ ಮೊದಲೇ ಹೊಟ್ಟೆಯಲ್ಲಿ. ಪಂಚಮಿಗೆ ನಾವು ಹಾಲೆರೆದ ಹುತ್ತವನ್ನೇ ಅದು ಬಗೆದಿದೆ. ಪೂಜಾರಿ ಬೈದ. ಕರಡಿಗೆ ಕೇಳಿಸಲಿಲ್ಲ. ಕರಡಿ ಮರಿ ಅಮ್ಮನ ಬೆನ್ನ ಮೇಲೆ ಇರುತ್ತೆ. ಕೂದಲು ಹಿಡಿದು ಕೂರುತ್ತೆ. ಎಮ್ಮೆ ಕರು ಹಾಕಿದೆ. ಹೆಸರು ನೀನು ಇಡು."

ಉಳಿದ ಪ್ರಶ್ನೆಗೆ ಅವಳ ಹಾಳೆಯಲ್ಲಿ ಉತ್ತರ ಬರೆದಿಲ್ಲ. ನಿನಗೆ ಬರೆಯುತ್ತೇನೆ. ನೀನೂ ಇದನ್ನು ಪೂರ್ತಿ ಕೇಳಿಲ್ಲ. ನಾನೂ ಈ ಪಂಚಮಿವರೆಗೆ ಪೂರ್ತಿ ಕೇಳಿರಲಿಲ್ಲ. ಆ ದಿನ ಹುತ್ತದ ಹತ್ತಿರ ರಾಮಣ್ಣ ಸಿಕ್ಕಾಗ ನಾನೇ ಕೇಳಿದೆ. ಅವನು ಹೇಳುವುದಿಲ್ಲ ಅಂದ. ಹಾಲಿನ ಗಿಂಡಿ ಕೆಳಗಿಟ್ಟು ಅಲ್ಲೇ ನಿಂತೆ, ಹೇಳಿದ.

ಅವತ್ತು ಬೆಳಿಗ್ಗೆ ನಿಮ್ಮಪ್ಪ ಮುಂದೆ, ರಾಮಣ್ಣ ಹೂವಿನ ಬುಟ್ಟಿ ಹಿಡಿದು ಹಿಂದೆ. ನಿಮ್ಮಪ್ಪ ಗೇಟಿನ ಕೊಂಡಿ ತೆಗೆದು ಎಳೆದರು. ಅವರ ಅಭ್ಯಾಸ ನಿನಗೆ ಗೊತ್ತಲ್ಲ. ದೇವರ ಮುಖವನ್ನು ನೆಟ್ಟಗೆ ನೋಡುವವರಲ್ಲ. ಮೊದಲು ಬಗ್ಗಿ ಹೊಸ್ತಿಲು ಮುಟ್ಟಿ, ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿಕೊಂಡೇ ಒಂದು ಗಳಿಗೆ ನಿಲ್ಲುವರು. ಆಮೇಲೆ ತಲೆ ಎತ್ತುವರು. ಅವತ್ತೂ ಬಗ್ಗಿದರು. ಹೊರಗೆ ಹೋಗುವುದಕ್ಕೆ ಅದೊಂದೇ ದಾರಿ. ಒಳಗಿದ್ದದ್ದು ಮರಿ ಹೊತ್ತ ತಾಯಿ. ಅದು ದಾರಿಗೆ ಬಂತು, ದಾರಿಯಲ್ಲಿ ಇವರಿದ್ದರು.

"ಅದು ಅವರನ್ನ ನೋಡ್ಲೂ ಇಲ್ಲ ಕಣವ್ವ, ಬಾಗಿಲು ನೋಡ್ತು" ಎಂದ ರಾಮಣ್ಣ. "ಮರಿ ಬೆನ್ ಮ್ಯಾಲೇ ಇತ್ತು. ಗುಡ್ಡ ಇಳಿಯೋವರ್ಗೂ ಇತ್ತು." ಹೇಳಿ ಅವನು ಅತ್ತ. ನಾನು ಗಿಂಡಿ ಎತ್ತಿಕೊಂಡು ಹುತ್ತಕ್ಕೆ ಹಾಲು ಹೊಯ್ದು ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ.

ನಮಸ್ಕಾರ ಮಾಡುತ್ತಿರುವಾಗ ಹೋದರು ಎಂದು ಮಠದ ಅಯ್ಯನವರು ಹೇಳುತ್ತಾರೆ. ಅದು ದೊಡ್ಡದಂತೆ. ಇರಬಹುದು. ನಾನು ಅದಕ್ಕೆ ತಲೆ ಆಡಿಸಿದೆ.

ಇದನ್ನು ಮಗುವಿಗೆ ಹೇಗೆ ಹೇಳುವುದು ಎಂದು ನನಗೆ ಗೊತ್ತಿಲ್ಲ.

ಅವ್ವ


ಹಳೇಬೀಡು
೧೪ ಸೆಪ್ಟೆಂಬರ್ ೨೦೨೫

ಅವ್ವ,

ಅಪ್ಪ ಹೊಸ್ತಿಲು ಮುಟ್ಟಿದ್ದನ್ನು ಓದಿ ನಾನು ಬಹಳ ದಿನ ಏನೂ ಬರೆಯಲಿಲ್ಲ.

ನೀನು ಹೇಳಿದ ಹಾಗೆ ಸಿರಿಯ ಹಾಳೆಯನ್ನು ಅವಳ ಮುಂದಿಟ್ಟು ಅಡುಗೆಮನೆಗೆ ಹೋದೆ. ಅಕ್ಕಿ ತೊಳೆದು ಅನ್ನಕ್ಕಿಟ್ಟೆ. ಆಮೇಲೆ ಮಂಚದ ಕೆಳಗಿನಿಂದ "ಸೊರ್" ಎಂದು ಕೇಳಿಸಿತು. ಇನ್ನೊಂದು ಸಲ "ಸೊರ್". ಬಗ್ಗಿ ನೋಡಿದರೆ ಮಂಚದ ಕೆಳಗೆ ಮಲಗಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದಾಳೆ, ದನಿ ತೆಗೆದು. ನಾನು ನೋಡಿದ್ದು ಗೊತ್ತಾದ ಕೂಡಲೇ ನಿಲ್ಲಿಸಿದಳು. ಕರುವಿಗೆ ಗಿರಿಜೆ ಎಂದು ಹೆಸರಿಡಬೇಕಂತೆ.

ನಿನ್ನ ಹಾಳೆಯನ್ನು ಎಷ್ಟು ಸಲ ಓದಿದ್ದಾಳೋ, ಮಡಿಕೆ ಹರಿದಿದೆ. ಬೇರೇನನ್ನೂ ಓದುತ್ತಿಲ್ಲ. ಶಾಲೆಯ ಪುಸ್ತಕ ತೆರೆದರೆ, "ಅಜ್ಜಿ ಪೂರ್ತಿ ಬರೆದಿಲ್ಲ, ಎರಡು ಬಿಟ್ಟಿದ್ದಾರೆ" ಅನ್ನುತ್ತಾಳೆ. ಯಾವ ಎರಡು ಎಂದು ನಿನಗೆ ಗೊತ್ತು.

ಕೊನೆಯ ಪಾಠವನ್ನು ನಾನು ಮತ್ತೆ ಮತ್ತೆ ಬರೆದು ಹರಿದೆ. ಕರಡಿಯನ್ನು ಒಳ್ಳೆಯದು ಮಾಡಿದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತೆ. ಕೆಟ್ಟದ್ದು ಮಾಡಿದರೆ ಅಪ್ಪನೇ ಬಂದು "ಹಂಗಲ್ಲ ಕಣಮ್ಮ" ಅನ್ನುತ್ತಾರೆ ಅನ್ನಿಸುತ್ತೆ. ದೀಪಾವಳಿ ಕಳೆದ ಮೇಲೆ ಪುಸ್ತಕ ಇಲ್ಲ ಎಂದು ಪ್ರಕಾಶಕರಿಗೆ ತಿಳಿಸುತ್ತೇನೆ. ನಿನ್ನನ್ನು ಇನ್ನು ಕೇಳುವುದಿಲ್ಲ.

ಒಂದು ಮಾತು. ಗೇಟಿನ ಮೇಲಿನ ಹೆಸರನ್ನು ಅವಳಿಂದ ಎಷ್ಟು ದಿನ ಮುಚ್ಚಿಡುತ್ತೀಯ? ಅವಳಿಗಿನ್ನೂ ಏಳು. ಓದುವುದನ್ನು ಬಿಟ್ಟರೂ ಓದಲು ಬರುವುದಂತೂ ಹೋಗುವುದಿಲ್ಲ.

ಮೇಘ


ಕಲ್ಗುಂಡಿ
೨೦ ಅಕ್ಟೋಬರ್ ೨೦೨೫, ಸೋಮವಾರ

ಮೇಘಾ,

ಇವತ್ತು ಸೋಮವಾರದ ಒಪ್ಪೊತ್ತು. ಊರಲ್ಲಿ ದೀಪಾವಳಿಯ ಎಣ್ಣೆನೀರು, ನಮಗೆ ಈ ವರ್ಷ ಹಬ್ಬ ಇಲ್ಲ. ಕೊಟ್ಟಿಗೆ ಕೆಲಸ ಮುಗಿಸಿ, ಗಿರಿಜೆಯನ್ನು ಬಿಸಿಲಿಗೆ ಕಟ್ಟಿದೆ. ಹೆಸರು ಹಿಡಿದು ಕೂಗಿದರೆ ಕಿವಿ ಆಡಿಸುತ್ತೆ, ಬರುವುದಿಲ್ಲ. ಅದರ ಅಮ್ಮನ ಬುದ್ಧಿ.

ಅಟ್ಟದ ಕಾಯಿ ಇಳಿಸಿದೆ. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತೆ, ಚಿಪ್ಪಿಗೆ ಅಂಟಿಕೊಂಡಿಲ್ಲ. ಸುಲಿಯುವವರು, "ಮರುಳಪ್ಪನೋರು ಏರ್ಸಿದ್ ಕಾಯಿ, ಒಂದೂ ಕೆಟ್ಟಿಲ್ಲ ನೋಡ್ರವ್ವ" ಅಂದರು. ಮಾರುವುದನ್ನು ಮಾರಿ, ಉಳಿದದ್ದನ್ನು ಗಾಣಕ್ಕೆ ಹಾಕಿಸಿ ಎಣ್ಣೆ ತಂದಿದ್ದೇನೆ.

ನಿನ್ನ ಹಾಳೆಗಳನ್ನು ಓದಿದೆ. ನೀನು ಇನ್ನು ಕೇಳುವುದಿಲ್ಲ ಎಂದ ಮೇಲೆ ಓದಿದೆ. ಚೆನ್ನಾಗಿದೆ. ಗೌಡರ ಮನೆ ಮದುವೆಯ ಮಾತು ಬಂದ ಕಡೆ ಹಾಳೆ ಕೆಳಗಿಟ್ಟು ಹೊರಗೆ ಹೋಗಿ ಬಂದೆ. ಮತ್ತೆ ಓದಿದೆ.

ಆಮೇಲೆ ಗುಡ್ಡ ಹತ್ತಿದೆ. ಹಗಲಲ್ಲೇ ಹೋದೆ, ರಾಮಣ್ಣ ಜೊತೆಗಿದ್ದ. ಅವನ ನಾಯಿಯೂ ಬಂತು. ಏನೇನೋ ಆಗುತ್ತೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ. ಕಾಲು ನೋವು ಬಂತು. ಗೇಟಿಗೆ ಬೀಗ. ನೀಲಿ ಬಣ್ಣ ಹಾಗೇ ಇದೆ, ಅಕ್ಷರಗಳೂ ಹಾಗೇ ಇವೆ. ಹೊಸ್ತಿಲು ಮುಟ್ಟಿದೆ. ಕಣ್ಣು ಮುಚ್ಚಲಿಲ್ಲ.

ಊರವರನ್ನು ಕೂರಿಸಿ, ಈ ಗೇಟು ನಮ್ಮ ಸೇವೆ, ನಮ್ಮ ಸೇವೆಯನ್ನು ವಾಪಸು ತಗೊಳ್ಳುತ್ತೇನೆ ಅಂದೆ. ಗದ್ದಲ ಆಯಿತು. ದೇವರಿಗೆ ಕೊಟ್ಟದ್ದನ್ನು ಯಾರಾದರೂ ವಾಪಸು ತಗೊಳ್ಳುತ್ತಾರಾ, ಶಾಪ ತಟ್ಟುತ್ತೆ ಅಂದರು. ಇನ್ನೇನು ತಟ್ಟಬೇಕು ಅಂದೆ. ಸಾವಿತ್ರಮ್ಮ ಎದ್ದು, "ಬಸವಣ್ಣ ಕಲ್ಲು. ಕರಡಿ ಕದ್ಕಂಡ್ ಹೋದ್ರೂ ಎಲ್ಲಿಗ್ ಒಯ್ತದೆ? ತೆಗೀರಪ್ಪ ಸಾಕು" ಅಂದಳು. ಮೋಹನ್‌ಕುಮಾರನೇ ಬಂದು ಕಿತ್ತು ಕೊಟ್ಟ. ಇಳಿಸುವಾಗ, "ಹೆಸ್ರು ಅಳಿಸ್ಲಾ ಅವ್ವ, ಬಣ್ಣ ತಂದಿವ್ನಿ" ಎಂದು ಕೇಳಿದ. ಬೇಡ ಅಂದೆ.

ಈಗ ಅದು ನಮ್ಮ ಹಿತ್ತಲಲ್ಲಿ, ಬಾವಿಯ ಪಕ್ಕ ಗೋಡೆಗೆ ಒರಗಿದೆ. ಹೀರೇಬಳ್ಳಿ ಹಬ್ಬಿಸಿದ್ದೇನೆ. ಎಲೆ ಅರ್ಧ ಮುಚ್ಚಿದೆ, ಹೆ‌ಸರು ಕಾಣುತ್ತೆ. ಓದಿಕೊಳ್ಳಲಿ. ಓದಿ ಕೇಳಿದರೆ ಆ ಎರಡು ಪ್ರಶ್ನೆಗೂ ಉತ್ತರ ನಾನೇ ಹೇಳುತ್ತೇನೆ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹೇಳುವಂಥದ್ದು.

ನೀನು ಹೇಳು ಅಂದಿದ್ದೆಯಲ್ಲ, ಪುಸ್ತಕ ಬರೆಯಲೋ ಬಿಡಲೋ ಎಂದು. ಬಿಡಬೇಡ. ಕೊನೆಯ ಪಾಠವನ್ನು ನಾನು ಬರೆದಿದ್ದೇನೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ, ದೊಡ್ಡ ಅಕ್ಷರದಲ್ಲಿ, ಒಂದೊಂದು ಹಾಳೆಗೆ ನಾಲ್ಕು ಮಾತು. ನನಗೆ ಕಥೆ ಕಟ್ಟುವುದು ಗೊತ್ತಿಲ್ಲ. ಏನು ಆಗಬೇಕಾಗಿತ್ತೋ ಅದನ್ನು ಬರೆದೆ. ನೀನು ತಿದ್ದಿಕೋ. ಕೊನೆಗೆ ಬರುವುದು ಇಷ್ಟು:

"ಗುಡಿಯ ಗೇಟು ಮುಚ್ಚಿದೆ. ಒಳಗೆ ಯಾರೋ ಉಸಿರು ಬಿಡುತ್ತಿದ್ದಾರೆ. ಬೋರ ಹೇಳಿದ, ಗೇಟು ತೆಗೆಯೋಣ. ಗಿರಿಜೆ ಹೇಳಿದಳು, ಬಾಗಿಲಲ್ಲಿ ನಿಲ್ಲಬೇಡ. ಗೇಟಿನ ಕೊಂಡಿಗೆ ತೆಂಗಿನ ಹಗ್ಗ ಕಟ್ಟಿದರು. ದೂರ ಹೋದರು. ಬಂಡೆ ಹತ್ತಿದರು. ಹಗ್ಗ ಎಳೆದರು. ಗೇಟು ತೆರೆಯಿತು. ಕರಡಿ ಬಂತು. ಬೆನ್ನ ಮೇಲೆ ಮರಿ ಇತ್ತು. ಕರಡಿಗೆ ದಾರಿ ಬೇಕಿತ್ತು. ದಾರಿ ಇತ್ತು. ಅದು ಹೋಯಿತು. ಗಿರಿಜೆ, ಬೋರ ಕೆಳಗೆ ಇಳಿದರು. ಹೊಸ್ತಿಲು ಮುಟ್ಟಿದರು. ನಮಸ್ಕಾರ ಆಮೇಲೆ ಮಾಡಿದರು."

ಬರೆದು ಮುಗಿಸಿ ಪೂಜೆಗೆ ಕೂತರೆ ಮನಸ್ಸು ನಿನ್ನ ಮನೆಗೆ ಓಡಿತು. ಎಳೆದು ತರಲಿಲ್ಲ. ಏನೋ ಒಂದು ಆಯಿತಲ್ಲ ಎಂದು ನೋಡುತ್ತಾ ಕೂತೆ.

ಬರುವ ಸೋಮವಾರ ಕಾರ್ತಿಕದ ಮೊದಲ ಸೋಮವಾರ. ನಿಮ್ಮಪ್ಪನ ಕಾಯಿಯ ಎಣ್ಣೆಯನ್ನು ನಾನೇ ಹೊಯ್ಯುತ್ತೇನೆ. ಬತ್ತಿಗೊಂದು ಪಾಲು, ಇನ್ನೊಂದು ಪಾಲು. ಬಿಸಿಲಿರುವಾಗಲೇ ಇಳಿದು ಬಿಡುತ್ತೇವೆ.

ಈ ಕಾಗದವನ್ನು ಹಳೇಬೀಡಿನ ಮೇಲೆ ಬೇಲೂರಿಗೆ ಹೊರಟ ನಮ್ಮೂರ ನಂಜುಂಡಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಕ್ಯಾಲೆಂಡರ್ ಹಾಳೆಗಳನ್ನು ಅವನಿಗೆ ಕೊಡಲು ಮನಸ್ಸು ಬರಲಿಲ್ಲ, ಎಲೆ‌ಅಡಿಕೆ ಸುತ್ತಿಕೊಂಡುಬಿಡುತ್ತಾನೆ. ಅಂಚೆಯ ಕವರಿಗೂ ಹಿಡಿಸುವುದಿಲ್ಲ. ಪ್ರಕಾಶಕರಿಗೆ ಇಲ್ಲ ಎಂದು ಬರೆಯುವ ಮೊದಲು ಯಾರನ್ನಾದರೂ ಕಳಿಸಿ ನನ್ನ ಉತ್ತರವನ್ನು ತರಿಸಿಕೋ. ಬರುವವರನ್ನು ಅಳಿಯಂದಿರು ಬಸ್ಸಿನಲ್ಲಿ ಕರೆದುಕೊಂಡು ಬರಲಿ. ತಗೊಂಡು ಹೋಗುವವರು ಮಾತ್ರ ಅದನ್ನು ಇಲ್ಲೇ ನನ್ನ ಮುಂದೆ ಒಂದು ಸಲ ದನಿ ತೆಗೆದು ಓದಿ, ಸರಿಯಾಗಿದೆಯೋ ಇಲ್ಲವೋ ಹೇಳಬೇಕು. ಅದಕ್ಕೆ, ಸಿರಿಯನ್ನು ಕಳಿಸು.

ನಿನ್ನ ಅವ್ವ,
ವಿಶಾಲಮ್ಮ